ಯಾವ ಚಹಾಕ್ಕೆ ಯಾವ ಸೆಟ್ಟು?

ಹಳೆಯ ಪಿಂಗಾಣಿ ಸಾಮಾನುಗಳಿಗೆ ಬೆಲೆ ಕಟ್ಟುವುದು ಮತ್ತು ಒಡೆದವನ್ನು ಜೋಡಿಸುವುದು ನನ್ನ ವೃತ್ತಿ. ಬೆಳಗಾವಿಯಲ್ಲಿ ಇದಕ್ಕೆ ಕೆಲಸದ ಕೊರತೆಯಿಲ್ಲ. ದಂಡುಪ್ರದೇಶವಾದ ಕ್ಯಾಂಪಿನ ಹಳೆಯ ಬಂಗಲೆಗಳಿಂದ ಹೊರಬಿದ್ದ ಇಂಗ್ಲಿಷ್ ಸೆಟ್ಟುಗಳು, ಗೋವೆಯ ನಂಟಿನಿಂದ ಬಂದ ನೀಲಿ-ಬಿಳಿ ತಟ್ಟೆಗಳು, ಲಗ್ನದಲ್ಲಿ ಆಯೇರಿಯಾಗಿ ಬಂದು ಇನ್ನೂ ಪೆಟ್ಟಿಗೆಯಲ್ಲೇ ಉಳಿದ ಕಪ್ಪು-ಬಸಿಗಳು ಎಲ್ಲವೂ ಪರೀಕ್ಷೆಗೆ ಬರುತ್ತವೆ. ತಂದವರು ಮೊದಲು ಕೇಳುವುದು ‘ಇದು ಎಷ್ಟು ಹಳೆಯದು?’ ಎಂದು, ನಾನು ಮೊದಲು ಕೇಳುವುದು ‘ಇದರಲ್ಲಿ ಚಹಾ ಕುಡಿಯುವವರೋ, ಕಪಾಟಿನಲ್ಲಿ ಇಡುವವರೋ?’ ಎಂದು. ಕುಡಿಯುವವರಾದರೆ ಯಾವ ಚಹಾ ಎಂಬುದನ್ನೂ ಕೇಳುತ್ತೇನೆ, ಏಕೆಂದರೆ ಸೆಟ್ಟಿನ ಆಯ್ಕೆ ಅಲ್ಲಿಂದಲೇ ಆರಂಭವಾಗಬೇಕು.

ಇಂಗ್ಲಿಷರ ಸೆಟ್ಟು ಬಿಸಿನೀರಿನಲ್ಲಿ ಎಲೆ ನೆನೆಸಿ, ಹಾಲು-ಸಕ್ಕರೆಯನ್ನು ಬೇರೆಯಾಗಿ ಬೆರೆಸುವ ಚಹಾಕ್ಕಾಗಿ ರೂಪುಗೊಂಡದ್ದು. ನಮ್ಮ ಮನೆಗಳಲ್ಲಿ ಹಾಲು, ಸಕ್ಕರೆ, ಶುಂಠಿ, ಪುಡಿ ಎಲ್ಲವೂ ಒಂದೇ ಪಾತ್ರೆಯಲ್ಲಿ ಕುದಿಯುತ್ತವೆ. ಇಂಥ ಚಹಾವನ್ನು ಹಳೆಯ ಚಹಾದಾನಿಗೆ ಸುರಿದರೆ, ಮೂತಿಯ ಬುಡದಲ್ಲಿ ಗೋಡೆಗೇ ಕೊರೆದಿರುವ ಸಣ್ಣ ತೂತುಗಳಲ್ಲಿ ಕೆನೆಯೂ ಶುಂಠಿಯ ನಾರೂ ಸಿಕ್ಕಿಕೊಳ್ಳುತ್ತವೆ. ಅಲ್ಲಿಗೆ ಬ್ರಷ್ ಹೋಗುವುದಿಲ್ಲ, ಎರಡನೆಯ ದಿನಕ್ಕೆ ವಾಸನೆ ಬರುತ್ತದೆ. ಹೀಗಾಗಿ ನಮ್ಮ ಬಳಕೆಗೆ ಚಹಾದಾನಿಯ ಚಿಂತೆಯನ್ನು ಬಿಟ್ಟು ಕಪ್ಪು-ಬಸಿಗಳನ್ನೇ ಚೆನ್ನಾಗಿ ಆರಿಸಬೇಕು. ಚಹಾದಾನಿ ಇಲ್ಲದ ಸೆಟ್ಟು ಅಪೂರ್ಣವೆಂದು ಹಲವರು ಕೈಬಿಡುತ್ತಾರೆ, ಆದರೆ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಮಾರಾಟವಾಗುತ್ತಿದ್ದ 21 ತುಣುಕುಗಳ ಸೆಟ್ಟಿನಲ್ಲಿ ಇದ್ದದ್ದು ಆರು ಕಪ್ಪು, ಆರು ಬಸಿ, ಆರು ಚಿಕ್ಕ ತಟ್ಟೆ, ಒಂದು ಕೇಕ್ ತಟ್ಟೆ, ಹಾಲಿನ ಜಗ್ಗು ಮತ್ತು ಸಕ್ಕರೆ ಬಟ್ಟಲು ಮಾತ್ರ. ಚಹಾದಾನಿಯನ್ನು ಬೇರೆಯಾಗಿ ಕೊಳ್ಳುತ್ತಿದ್ದರು.

ಬಸಿಯ ವಿಷಯದಲ್ಲಿ ನಮ್ಮ ಹಿರಿಯರ ಅಭ್ಯಾಸಕ್ಕೆ ಹೆಚ್ಚು ಹೊಂದುವುದು ಹಳೆಯ ಸೆಟ್ಟೇ. ಯುರೋಪಿನ ಮೊದಮೊದಲ ಚಹಾ ಬಟ್ಟಲುಗಳಿಗೆ ಚೀನೀ ಮಾದರಿಯಂತೆ ಹಿಡಿಕೆ ಇರಲಿಲ್ಲ. ಬಸಿಗಳು ಆಳವಾಗಿದ್ದವು, ಮತ್ತು ಅಲ್ಲಿಯವರೂ ಬಿಸಿ ಚಹಾವನ್ನು ಬಸಿಗೆ ಸುರಿದು ಆರಿಸಿ ಕುಡಿಯುತ್ತಿದ್ದರು. ಬಸಿ ಚಪ್ಪಟೆಯಾಗಿ, ಕಪ್ಪಿನ ಪಾದ ಕೂರಲು ನಡುವೆ ಉಂಗುರದಂಥ ತಗ್ಗು ಬಂದದ್ದು ಆಮೇಲೆ. ಮನೆಯಲ್ಲಿ ಬಸಿಯಿಂದ ಚಹಾ ಹೀರುವ ಅಜ್ಜ ಇದ್ದರೆ, ಕೊಳ್ಳುವ ಮುನ್ನ ಬಸಿಗೆ ನೀರು ಹಾಕಿ ತುಟಿಗೆ ತಂದು ನೋಡಬೇಕು. ಅಂಗಡಿಯವನು ನಕ್ಕರೆ ನಗಲಿ.

ಇನ್ನು ಮೈಯ, ಅಂದರೆ ಸಾಮಾನು ಯಾವ ಮಣ್ಣಿನದು ಎಂಬುದರ ವಿಚಾರ. ಕಡಿಮೆ ಉರಿಯಲ್ಲಿ ಸುಟ್ಟ ಅರ್ಥನ್‌ವೇರ್‌ನ ಮೈ ನೀರು ಹೀರುತ್ತದೆ. ಮೇಲಿನ ಗ್ಲೇಜು, ಅಂದರೆ ಗಾಜಿನಂಥ ಲೇಪ, ಕಾಲಕ್ರಮದಲ್ಲಿ ಕೂದಲೆಳೆಯ ಬಿರುಕು ಬಿಟ್ಟರೆ ಹಾಲಿನ ಚಹಾ ಒಳಗಿಳಿದು ಕಂದು ಬಲೆಯಂತೆ ನಿಲ್ಲುತ್ತದೆ. ಇದು ಪ್ರದರ್ಶನಕ್ಕೆ ಸರಿ, ನಿತ್ಯಬಳಕೆಗೆ ಅಲ್ಲ. ನಿಜವಾದ ಪೋರ್ಸಲೇನ್ ಗಟ್ಟಿ, ತುಸು ನೀಲಿ ಛಾಯೆಯ ಬಿಳುಪು. ಯುರೋಪಿನಲ್ಲಿ ಅದರ ತಯಾರಿಕೆ 1710ರಲ್ಲಿ ಜರ್ಮನಿಯ ಮೈಸೆನ್‌ನಲ್ಲಿ ಆರಂಭವಾಯಿತಾದರೂ ಚೀನಾದ ಪಿಂಗಾಣಿ ಅದಕ್ಕೂ ಬಹಳ ಮೊದಲೇ ದಖ್ಖನಿಗೆ ಬಂದಿತ್ತು. ವಿಜಯಪುರದ ಗೋಳಗುಮ್ಮಟದ ಆವರಣದ ವಸ್ತುಸಂಗ್ರಹಾಲಯದಲ್ಲಿ ಅದರ ಮಾದರಿಗಳಿವೆ, ಕಣ್ಣು ಪಳಗಿಸಿಕೊಳ್ಳಲು ಒಮ್ಮೆ ನೋಡಬೇಕು. ಬೋನ್ ಚೈನಾವನ್ನು ಹದಿನೆಂಟನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಸ್ಪೋಡ್ ಕಾರ್ಖಾನೆ ಒಂದು ಹದಕ್ಕೆ ತಂದಿತು. ತೆಳುವಾದರೂ ಅಂಚು ಸುಲಭವಾಗಿ ಒಡೆಯದ, ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣುವ, ಕೆನೆಬಣ್ಣದ ಮೈ ಅದರದು. ಕುದಿಸಿದ ಚಹಾಕ್ಕೆ ನಾನು ಮೊದಲು ಸೂಚಿಸುವುದು ಇದನ್ನೇ.

ಆದರೆ ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಬೋನ್ ಚೈನಾದ ಮಿಶ್ರಣದಲ್ಲಿ ಸಾಂಪ್ರದಾಯಿಕವಾಗಿ ಅರ್ಧದಷ್ಟು ದನದ ಮೂಳೆಯ ಬೂದಿಯೇ ಇರುತ್ತದೆ. ನಮ್ಮ ಭಾಗದಲ್ಲಿ ಜೈನ, ಲಿಂಗಾಯತ, ಬ್ರಾಹ್ಮಣ ಮನೆಗಳು ಬಹಳ. ಉಡುಗೊರೆ ಕೊಡುವವರು ಇದನ್ನು ಯೋಚಿಸುವುದಿಲ್ಲ, ಪಡೆದವರು ಸಂಕೋಚದಿಂದ ಹೇಳುವುದಿಲ್ಲ, ಸೆಟ್ಟು ಅಟ್ಟ ಸೇರುತ್ತದೆ. ಅಂಥ ಮನೆಗಳಿಗೆ ಬಿಳಿ ಜೇಡಿ, ಫೆಲ್ಡ್‌ಸ್ಪಾರ್, ಸ್ಫಟಿಕಶಿಲೆಗಳಿಂದಾದ ಪೋರ್ಸಲೇನ್ ಅಥವಾ ಹೆಚ್ಚು ಉರಿಯಲ್ಲಿ ಸುಟ್ಟ ಗಟ್ಟಿ ಮಣ್ಣಿನ ಸ್ಟೋನ್‌ವೇರ್ ಸರಿಯಾದ ಆಯ್ಕೆ. ಜಪಾನಿನ ನೊರಿಟಾಕೆಯಂಥ ಕಂಪನಿಗಳು ಎರಡೂ ಬಗೆಯನ್ನು ತಯಾರಿಸುವುದರಿಂದ, ಕಂಪನಿಯ ಹೆಸರನ್ನಷ್ಟೇ ನಂಬದೆ ತಳದಲ್ಲಿ ಏನು ಬರೆದಿದೆ ಎಂದು ಓದಬೇಕು.

ತಳದ ಮುದ್ರೆಯನ್ನು ಓದುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ವ್ಯಾಪಾರದ ರೂಢಿಯಲ್ಲಿ ನೂರು ವರ್ಷ ದಾಟಿದ್ದು ಆ್ಯಂಟಿಕ್, ಅದಕ್ಕಿಂತ ಈಚಿನ ಹಳೆಯದು ವಿಂಟೇಜ್. ಮುದ್ರೆಯಲ್ಲಿ 1759 ಎಂದಿದ್ದರೆ ಅದು ವೆಜ್‌ವುಡ್ ಕಾರ್ಖಾನೆ ಸ್ಥಾಪನೆಯಾದ ವರ್ಷವೇ ಹೊರತು ಕಪ್ಪು ತಯಾರಾದ ವರ್ಷವಲ್ಲ. ರಾಯಲ್ ಆಲ್ಬರ್ಟ್‌ನ ‘ಓಲ್ಡ್ ಕಂಟ್ರಿ ರೋಸಸ್’ ಎಂಬ ಗುಲಾಬಿ ವಿನ್ಯಾಸ ಬಂದದ್ದೇ 1962ರಲ್ಲಿ. ಅದು ಬ್ರಿಟಿಷ್ ಅಧಿಕಾರಿಯೊಬ್ಬರು ಅಜ್ಜನಿಗೆ ಕೊಟ್ಟದ್ದು ಎಂಬ ಕಥೆ ನಿಲ್ಲುವುದಿಲ್ಲ. ಅಮೆರಿಕದ 1890ರ ಸುಂಕದ ಕಾಯಿದೆ 1891ರಿಂದ ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕೆಂದು ವಿಧಿಸಿದ್ದರಿಂದ, ‘ಇಂಗ್ಲೆಂಡ್’ ಎಂಬ ಮುದ್ರೆ ಸಾಮಾನ್ಯವಾಗಿ ಅದರ ಆಸುಪಾಸಿನ ಅಥವಾ ಈಚಿನ ಕಾಲವನ್ನು ಸೂಚಿಸುತ್ತದೆ. ‘ನಿಪ್ಪಾನ್’ (ಜಪಾನಿನ ದೇಶೀ ಹೆಸರು) ಎಂದಿದ್ದರೆ 1921ಕ್ಕೆ ಮೊದಲಿನದಾಗಿರುವ ಸಂಭವ ಹೆಚ್ಚು. ‘ಆಕ್ಯುಪೈಡ್ ಜಪಾನ್’ ಎಂಬುದು ಎರಡನೆಯ ಮಹಾಯುದ್ಧದ ನಂತರ 1952ರವರೆಗಿನ ಕಾಲದ್ದು. ಡಿಶ್‌ವಾಷರ್ ಕುರಿತ ಸೂಚನೆ ಇರುವ ಕಪ್ಪನ್ನು ಆ್ಯಂಟಿಕ್ ಎಂದು ಮಾರಲು ಬಂದವರನ್ನೂ ನೋಡಿದ್ದೇನೆ.

ವಯಸ್ಸು ಖಚಿತವಾದ ಮೇಲೂ ಬೆಲೆಯನ್ನು ನಿರ್ಧರಿಸುವುದು ಸ್ಥಿತಿ. ಕಪ್ಪನ್ನು ಅಂಗೈ ಮೇಲೆ ಇಟ್ಟು ಉಗುರಿನಿಂದ ಮೆಲ್ಲಗೆ ತಟ್ಟಿದಾಗ ನಾದ ಬರಬೇಕು; ಮಂಕು ಸದ್ದು ಬಂದರೆ ಎಲ್ಲೋ ಬಿರುಕಿದೆ, ಹೆಚ್ಚಾಗಿ ಹಿಡಿಕೆ ಸೇರುವ ಜಾಗದಲ್ಲಿ. ಜೋಡಿಸಿ ಬಣ್ಣ ಬಳಿದ ಭಾಗ ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚಿನ ಬೆಳಕಿನಲ್ಲಿ ಸಾಮಾನ್ಯವಾಗಿ ಬೇರೆಯಾಗಿ ಹೊಳೆಯುತ್ತದೆ. ದುರಸ್ತಿ ಮಾಡುವವನಾಗಿ ಹೇಳುತ್ತೇನೆ: ಅಂಟಿಸಿದ ಕಪ್ಪಿಗೆ ಕುದಿಯುವ ಚಹಾ ಹಾಕಬೇಡಿ, ಅಂಟು ಎಷ್ಟೇ ಒಳ್ಳೆಯದಿರಲಿ. ಕಲ್ಕತ್ತೆಯ ಬೆಂಗಾಲ್ ಪಾಟರೀಸ್ ಮತ್ತು ಗ್ವಾಲಿಯರ್ ಪಾಟರೀಸ್‌ನ ಸೆಟ್ಟುಗಳನ್ನು ನಮ್ಮವರು ಕಡೆಗಣಿಸಿರುವುದು ನನಗೆ ಸರಿ ಕಾಣುವುದಿಲ್ಲ. ಹೊಸದಾಗಿ ಸಂಗ್ರಹಕ್ಕೆ ಇಳಿಯುವವರು ಅಲ್ಲಿಂದ ಆರಂಭಿಸಬಹುದು.

ಬೆಳ್ಳಿಯಂತೆ ಕಾಣುವ ಸೆಟ್ಟುಗಳಲ್ಲಿ ಬಹುಪಾಲು ಬೆಳ್ಳಿಯ ಲೇಪದವು. ಇ.ಪಿ.ಎನ್.ಎಸ್. ಎಂಬ ಅಕ್ಷರಗಳಿದ್ದರೆ ನಿಕಲ್ ಮಿಶ್ರಲೋಹದ ಮೇಲೆ ವಿದ್ಯುತ್ತಿನಿಂದ ಬೆಳ್ಳಿ ಕೂರಿಸಿದೆ ಎಂದರ್ಥ. ಸರಾಫರು ಅದಕ್ಕೆ ಬೆಲೆ ಕೊಡುವುದಿಲ್ಲ, ಸಂಗ್ರಾಹಕರು ಕೆತ್ತನೆ ನೋಡಿ ಕೊಡಬಹುದು.

ದಿನವೂ ಬಳಸುವವರಿಗೆ ಇಂದಿನ ಸೆಟ್ಟುಗಳನ್ನೇ ಹೇಳುತ್ತೇನೆ. ಹಳೆಯ ಗ್ಲೇಜು ಮತ್ತು ಮೇಲೆ ಬರೆದ ಬಣ್ಣಗಳಲ್ಲಿ ಸೀಸ ಇರಬಹುದು. ನಿಂಬೆ ಚಹಾದ ಹುಳಿ ಅದನ್ನು ಬಿಡಿಸಿಕೊಳ್ಳುತ್ತದೆ. ಹೆಚ್ಚು ಉರಿಯಲ್ಲಿ ಸುಟ್ಟ, ಉತ್ತರ ಪ್ರದೇಶದ ಖುರ್ಜಾದ ಸ್ಟೋನ್‌ವೇರ್ ತಾಳಿಕೆಗೆ ಒಳ್ಳೆಯದು. ನಮ್ಮ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದರಿಂದ ಈ ಭಾಗದವರಿಗೆ ಮಣ್ಣಿನ ಕಪ್ಪುಗಳ ಪರಿಚಯವಿದೆ. ಅವನ್ನು ಕೊಳ್ಳುವಾಗ ಒಳಮೈಗೆ ಸೀಸರಹಿತ ಗ್ಲೇಜು ಇದೆಯೇ ಎಂದು ಕೇಳಿಕೊಳ್ಳಬೇಕು.

ಮಗ ಅಮೆರಿಕದಲ್ಲಿದ್ದಾನೆ, ಅಜ್ಜಿಯ ಸೆಟ್ಟನ್ನು ಕಳಿಸಬೇಕು ಎನ್ನುವವರು ಈಗ ಹೆಚ್ಚಾಗಿದ್ದಾರೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ಕರಕುಶಲ ವಸ್ತು ಪ್ರಾಚ್ಯವಸ್ತುವೆನಿಸಬಹುದು, ಮತ್ತು ಅದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಸೆಟ್ಟು ಅಷ್ಟು ಹಳೆಯದಲ್ಲ ಎಂದು ಖಾತ್ರಿಯಿದ್ದರೂ, ವಿಮಾನ ನಿಲ್ದಾಣದಲ್ಲಿ ವಾದಿಸುವ ಬದಲು, ಅದು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಯಾಣಕ್ಕೆ ಸಾಕಷ್ಟು ಮೊದಲೇ ಪಡೆದಿರುವುದು ಒಳ್ಳೆಯದು.