ಟಿಕೆಟ್: ಅಮೆರಿಕದಲ್ಲಿ ಅದನ್ನ ಯಾರೂ ‘ಕಟ್’ ಮಾಡಲ್ಲ

2024ರ ಅಮೆರಿಕ ಅಧ್ಯಕ್ಷರ ಎಲೆಕ್ಷನ್ ಮಾತು ಬಂದಾಗೆಲ್ಲ ‘ಡೆಮಾಕ್ರಟಿಕ್ ಪಾರ್ಟಿ ಬೈಡನ್‌ಗೆ ಟಿಕೆಟ್ ತಪ್ಪಿಸಿ ಕಮಲಾ ಹ್ಯಾರಿಸ್‌ಗೆ ಕೊಡ್ತು’ ಅಂತ ಯಾರಾದ್ರೂ ಬರೀತಾನೇ ಇರ್ತಾರೆ. ಓದಿ ಓದಿ ಸಾಕಾಗಿದೆ. ಅಲ್ಲಿ ಟಿಕೆಟ್ ಕೊಡೋ ಹೈಕಮಾಂಡೇ ಇಲ್ಲ, ಇನ್ನು ತಪ್ಪಿಸೋದು ಯಾರು?

ನಮ್ಮಲ್ಲಿ ಟಿಕೆಟ್ ಅಂದ್ರೆ ಬಿ ಫಾರಂ, ಅಷ್ಟೇ. ದಿಲ್ಲಿಯಿಂದ ಪಟ್ಟಿ ಬರುತ್ತೆ, ಹೆಸರಿದ್ರೆ ಪಟಾಕಿ, ಇಲ್ದಿದ್ರೆ ಬಂಡಾಯ. ನಾಮಪತ್ರ ಸಲ್ಲಿಸೋ ಕೊನೇ ದಿನ ಮಧ್ಯಾಹ್ನ 3 ಗಂಟೆ ಒಳಗೆ ಹಳೇ ಬಿ ಫಾರಂ ರದ್ದು ಅಂತ ಬರ್ಕೊಟ್ಟು ಇನ್ನೊಬ್ಬರಿಗೆ ಕೊಟ್ರೂ ನಡೆಯುತ್ತೆ.

ಅಮೆರಿಕದ ಟಿಕೆಟ್ ಹುಟ್ಟಿದ್ದೇ ಬೇರೆ ಕಡೆ. 19ನೇ ಶತಮಾನದಲ್ಲಿ ಅಲ್ಲಿ ಬ್ಯಾಲೆಟ್ ಪ್ರಿಂಟ್ ಮಾಡ್ತಿದ್ದಿದ್ದು ಸರ್ಕಾರ ಅಲ್ಲ, ಪಾರ್ಟಿಗಳೇ ತಮ್ಮ ಕ್ಯಾಂಡಿಡೇಟ್‌ಗಳ ಹೆಸರನ್ನೆಲ್ಲ ಒಂದೇ ಚೀಟೀಲಿ ಅಚ್ಚು ಹಾಕ್ಸಿ ಮತಗಟ್ಟೆ ಹತ್ರ ಹಂಚೋರು, ಜನ ಅದನ್ನೇ ತಗೊಂಡು ಡಬ್ಬಿಗೆ ಹಾಕೋರು, ಎಷ್ಟೋ ಕಡೆ ಬಣ್ಣಬಣ್ಣದ ಕಾಗದ ಬೇರೆ, ಹಾಗಾಗಿ ಯಾರು ಯಾರಿಗೆ ಹಾಕಿದ್ರು ಅಂತ ದೂರದಲ್ಲಿ ನಿಂತೋರಿಗೂ ಕಾಣ್ತಿತ್ತು. ಆ ಚೀಟಿನೇ ಟಿಕೆಟ್. ಬೇಡದ ಹೆಸರು ಹೊಡ್ದು ಹಾಕಿ, ಇಲ್ಲಾ ಅದರ ಮೇಲೆ ಬೇರೆ ಹೆಸರಿನ ಚೂರು ಕಾಗದ ಅಂಟಿಸಿ ಡಬ್ಬಿಗೆ ಹಾಕೋರೂ ಇದ್ರು. ‘ಸ್ಪ್ಲಿಟ್ ಟಿಕೆಟ್’ (ಒಂದೇ ಪಾರ್ಟಿಗೆ ಹಾಕದೆ ವೋಟು ಹಂಚೋದು) ಅನ್ನೋ ಮಾತು ಆ ಕಾಲದ್ದು. 1888ರಲ್ಲಿ ಮ್ಯಾಸಚೂಸೆಟ್ಸ್ ಸರ್ಕಾರೀ ಬ್ಯಾಲೆಟ್‌ಗೆ ಕಾನೂನು ಮಾಡ್ತು, ಆಮೇಲೆ ಬೇರೆ ರಾಜ್ಯಗಳೂ ಮಾಡಿದ್ವು. ಚೀಟಿ ಹೋಯ್ತು, ಪದ ಉಳೀತು. ಈಗ ಟಿಕೆಟ್ ಅಂದ್ರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿರೋ ಜೋಡಿ. ಅದು ಯಾರೋ ಕೊಡೋ ವಸ್ತು ಅಲ್ಲ.

ಹಾಗಾದ್ರೆ ಸೋಲೋ ಥರ ಕಾಣ್ತಿರೋ ಕ್ಯಾಂಡಿಡೇಟನ್ನ ಬದಲಾಯಿಸೋದು ಹೇಗೆ? ಅವರಾಗೇ ಬಿಡಬೇಕು, ಬಹುಮಟ್ಟಿಗೆ ಇಷ್ಟೇ ಉತ್ತರ. ಜೂನ್ 27ಕ್ಕೆ ಟ್ರಂಪ್ ಜೊತೆಗಿನ ಡಿಬೇಟಲ್ಲಿ ಬೈಡನ್ ಎಡವಿದ್ಮೇಲೆ ಡೆಮಾಕ್ರಟಿಕ್ ನಾಯಕರು ಒಳಗೂ ಹೊರಗೂ ಒತ್ತಡ ಹಾಕಿದ್ರು, ನಿಜ. ಆದ್ರೆ ಪ್ರೈಮರಿಗಳಲ್ಲಿ (ಪಾರ್ಟಿ ಅಭ್ಯರ್ಥಿ ಯಾರಾಗಬೇಕು ಅಂತ ಮತದಾರರೇ ವೋಟ್ ಹಾಕೋ ಒಳ ಚುನಾವಣೆ) ಗೆದ್ದ, ಅಭ್ಯರ್ಥೀನ ಅಧಿಕೃತವಾಗಿ ಆರಿಸೋ ಪ್ರತಿನಿಧಿಗಳಾದ ಸುಮಾರು 3,900 ಡೆಲಿಗೇಟ್‌ಗಳು ಬೈಡನ್ ಕಡೆ ಇದ್ರು, ಅವರನ್ನ ಕಿತ್ಕೊಳ್ಳೋ ಅಧಿಕಾರ ಯಾವ ನಾಯಕನಿಗೂ ಇರ್ಲಿಲ್ಲ. ಜುಲೈ 21ಕ್ಕೆ ಬೈಡನ್ ತಾವೇ ಹಿಂದೆ ಸರಿದ್ರು, ಡೆಲಿಗೇಟ್‌ಗಳು ಫ್ರೀ ಆದ್ರು, ಆಗಸ್ಟ್ 5ಕ್ಕೆ ಮುಗಿದ ಆನ್‌ಲೈನ್ ವೋಟಿಂಗಲ್ಲಿ ಹ್ಯಾರಿಸ್ ಆಯ್ಕೆಯಾದ್ರು. ಅದಕ್ಕೂ ಮುಂಚೆ ‘ಅಭ್ಯರ್ಥಿ ಬೈಡನ್’ ಅಂತ ಬರೆದೋರದ್ದೂ ಅರ್ಧ ಸುಳ್ಳೇ, ಡೆಲಿಗೇಟ್‌ಗಳ ವೋಟು ಆಗೋ ತನಕ ಅವರು ಅಧಿಕೃತ ಅಭ್ಯರ್ಥಿ ಆಗಿರ್ಲೇ ಇಲ್ಲ.

ಡೆಲಿಗೇಟ್‌ಗಳು ಸೇರೋ ಪಾರ್ಟಿ ಸಮಾವೇಶ, ಅಂದ್ರೆ ಕನ್ವೆನ್ಷನ್ ಮುಗಿದ ಮೇಲೆ ಸ್ಥಾನ ಖಾಲಿಯಾದ್ರೆ ಆಗ ಮಾತ್ರ ಪಾರ್ಟಿಯ ರಾಷ್ಟ್ರೀಯ ಸಮಿತಿಗೆ ಕೆಲ್ಸ. 1972ರಲ್ಲಿ ಡೆಮಾಕ್ರಟಿಕ್ ಅಧ್ಯಕ್ಷ ಅಭ್ಯರ್ಥಿ ಮೆಕ್‌ಗವರ್ನ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಈಗಲ್‌ಟನ್ ಖಿನ್ನತೆಗೆ ಶಾಕ್ ಟ್ರೀಟ್‌ಮೆಂಟ್ ತಗೊಂಡಿದ್ದು ಹೊರಬಂದು ಅವರು ಹಿಂದೆ ಸರಿದಾಗ, ಸಮಿತಿ ಸಾರ್ಜೆಂಟ್ ಶ್ರೈವರ್‌ನ ಆರಿಸ್ತು. ಖಾಲಿಯಾಗಬೇಕು ಅನ್ನೋದೇ ಇಲ್ಲಿ ಮುಖ್ಯ. 2016ರ ಅಕ್ಟೋಬರ್‌ನಲ್ಲಿ ಟ್ರಂಪ್ ಹೆಂಗಸರ ಬಗ್ಗೆ ಅಸಭ್ಯವಾಗಿ ಮಾತಾಡಿದ್ದ ಹಳೇ ಟೇಪ್ ಹೊರಬಿದ್ದಾಗ ಎಷ್ಟೋ ರಿಪಬ್ಲಿಕನ್ನರು ‘ಬಿಟ್ಟು ಹೋಗಿ’ ಅಂದ್ರು, ಟ್ರಂಪ್ ಬಿಡ್ಲಿಲ್ಲ, ಕಥೆ ಮುಗೀತು. ಅಷ್ಟರಲ್ಲಿ ಕೆಲವು ರಾಜ್ಯಗಳಲ್ಲಿ ವೋಟಿಂಗೂ ಶುರುವಾಗಿತ್ತು. ವಿದೇಶದಲ್ಲಿರೋ ಮತದಾರರಿಗಂತೂ 45 ದಿನ ಮುಂಚೆನೇ ಬ್ಯಾಲೆಟ್ ಕಳಿಸಬೇಕು.

ಸ್ಥಾನ ತೀರಾ ತಡವಾಗಿ ಖಾಲಿಯಾದ್ರೆ ಏನಾಗುತ್ತೆ ಅನ್ನೋಕೂ ಒಂದು ಉದಾಹರಣೆ ಇದೆ. 1912ರಲ್ಲಿ ರಿಪಬ್ಲಿಕನ್ ಪಾರ್ಟಿಯ ಉಪಾಧ್ಯಕ್ಷ ಜೇಮ್ಸ್ ಶರ್ಮನ್ ಮತ್ತೆ ಅದೇ ಹುದ್ದೆಗೆ ನಿಂತಿದ್ದೋರು, ಅಕ್ಟೋಬರ್ 30ಕ್ಕೆ ತೀರ್ಕೊಂಡ್ರು, ಎಲೆಕ್ಷನ್‌ಗೆ ಒಂದು ವಾರನೂ ಉಳಿದಿರ್ಲಿಲ್ಲ. ಜನ ಅವರ ಹೆಸರಿದ್ದ ಟಿಕೆಟ್‌ಗೇ ವೋಟ್ ಹಾಕಿದ್ರು. ಆಮೇಲೆ ಆ ಪಾರ್ಟಿ ಗೆದ್ದ, ಜನರ ಪರವಾಗಿ ಅಧ್ಯಕ್ಷ, ಉಪಾಧ್ಯಕ್ಷರಿಗೆ ಕೊನೇ ವೋಟು ಹಾಕೋ 8 ಎಲೆಕ್ಟರ್‌ಗಳ ಉಪಾಧ್ಯಕ್ಷ ವೋಟು ಕೊಲಂಬಿಯಾ ಯೂನಿವರ್ಸಿಟಿ ಮುಖ್ಯಸ್ಥ ನಿಕೋಲಸ್ ಮರ್ರಿ ಬಟ್ಲರ್‌ಗೆ ಹೋಯ್ತು.