ಒಂದು ಸೆಂಟಿಮೀಟರ್‌ಗೆ ನಾಲ್ಕು ಕ್ವಿಂಟಾಲ್

ಮೊನ್ನೆ ಪೆರ್ಲದ ನಮ್ಮ ಹಿತ್ತಿಲಿನ ಹಲಸಿನ ಮರ ಕೊಡುವ ಅಂತಾಯ್ತು. ಮರದ ಕಾಕ ಬಂದವರು ಎದೆಮಟ್ಟಕ್ಕೆ ಟೇಪ್ ಸುತ್ತಿದ್ರು, ತಲೆಯೆತ್ತಿ ಒಮ್ಮೆ ನೋಡಿದ್ರು, ಕತ್ತಿಯ ಹಿಂಬದಿಯಲ್ಲಿ ಟಕ್ ಟಕ್ ಬಡಿದು ಕಿವಿ ಕೊಟ್ರು, ರೇಟು ಹೇಳಿಯೇ ಬಿಟ್ರು. ಅಷ್ಟು ದೊಡ್ಡ ಮರಕ್ಕೆ ಒಂದು ಸುತ್ತಳತೆ ಸಾಕಾ ಕಾಕ ಅಂದ್ರೆ, "ಸಾಕು ಭಟ್ರೇ, ಒಳಗೆ ಪೊಳ್ಳು ಇಲ್ಲದಿದ್ರೆ" ಅಂದ್ರು.

ನಂಗೆ ನಗು ಬಂತು, ಟಿ. ರೆಕ್ಸ್ ಅನ್ನುವ ಮಾಂಸ ತಿನ್ನುವ ಡೈನೋಸಾರ್ ಎಷ್ಟು ತೂಗ್ತಿತ್ತು ಅಂತ ಲೆಕ್ಕ ಹಾಕುವವರೂ ಮಾಡುವುದು ಇದನ್ನೇ. ಎರಡು ಕಾಲಲ್ಲಿ ನಡೆಯುವ ಪ್ರಾಣಿಯ ಇಡೀ ಭಾರ ತೊಡೆ ಎಲುಬಿನ ಮೇಲೆ ಅಲ್ವಾ, ಆ ಎಲುಬಿನ ಸುತ್ತಳತೆಗೂ ಮೈತೂಕಕ್ಕೂ ಒಂದು ಲೆಕ್ಕ ಉಂಟು, ಈಗ ಬದುಕಿರುವ ಪ್ರಾಣಿಗಳನ್ನು ಅಳೆದು ತೂಗಿ ಕಂಡುಕೊಂಡದ್ದು. 1990ರಲ್ಲಿ ಅಮೆರಿಕದ ಸೌತ್ ಡಕೋಟಾದಲ್ಲಿ ಸಿಕ್ಕಿದ, ಈಗ ಷಿಕಾಗೊದ ಫೀಲ್ಡ್ ಮ್ಯೂಸಿಯಂನಲ್ಲಿರುವ ಸ್ಯೂ ಅನ್ನುವ ಟಿ. ರೆಕ್ಸ್‌ನದ್ದು ಸುತ್ತು ಸುಮಾರು 58 ಸೆಂಟಿಮೀಟರ್, ತೂಕ 8.5 ಟನ್ ಹತ್ರ ಬರ್ತದೆ. ಕೆನಡಾದ ಸ್ಕಾಟಿಯದ್ದು 59, ತೂಕ ಸುಮಾರು 8.9 ಟನ್. 2019ರಲ್ಲಿ ಅತಿ ದೊಡ್ಡ ಟಿ. ರೆಕ್ಸ್ ಇದೇ ಅಂತ ಸುದ್ದಿಯಾದದ್ದರ ಹಿಂದೆ ಇರುವುದು ಮುಖ್ಯವಾಗಿ ಈ ಒಂದು ಸೆಂಟಿಮೀಟರ್. ಅಷ್ಟಕ್ಕೇ 4 ಕ್ವಿಂಟಾಲ್ ಜಾಸ್ತಿ! ಅಡಿಕೆಗೆ ಇಂಥ ತಕ್ಕಡಿ ಸಿಕ್ಕಿದ್ರೆ ನಾನೂ ಬದುಕಿಕೊಳ್ತಿದ್ದೆ.

ಮಜಾ ಎಂತ ಅಂದ್ರೆ ಈ ಲೆಕ್ಕದಲ್ಲಿ ಶೇಕಡಾ 25 ಆಚೀಚೆ ಆಗುವುದು ಮಾಮೂಲಿ. ಅಂದ್ರೆ ಸ್ಯೂ ಆರೂವರೆ ಟನ್ನೂ ಇರಬಹುದು, ಹತ್ತೂವರೆಯೂ ಇರಬಹುದು. ಹಾಗಿರುವಾಗ ಯಾರು ದೊಡ್ಡವರು ಅಂತ ಜಗಳ ಮಾಡುವುದರಲ್ಲಿ ಎಂತ ಅರ್ಥ ಮಾರಾಯ್ರೇ?

ಸ್ಯೂದಾದ್ರೂ ಗಾತ್ರದ ಲೆಕ್ಕದಲ್ಲಿ ಎಲುಬು ಮುಕ್ಕಾಲಕ್ಕಿಂತ ಜಾಸ್ತಿ ಸಿಕ್ಕಿದೆ. ನಮ್ಮ ಗುಜರಾತಿನ ಡೈನೋಸಾರ್ ರಾಜಾಸಾರಸ್‌ಗೆ 2003ರಲ್ಲಿ ಹೆಸರಿಟ್ರು, ಸಿಕ್ಕಿದ್ದು ತಲೆಬುರುಡೆಯ ತುಂಡು ಮತ್ತೆ ಅಲ್ಲಿಲ್ಲಿಯ ಎಲುಬು ಅಷ್ಟೆ, ಉಳಿದದ್ದನ್ನು ಅದರ ಸಂಬಂಧಿಕರನ್ನು ನೋಡಿ ತುಂಬಿಸಬೇಕು, ಉದ್ದ ಒಬ್ಬರು 9 ಮೀಟರ್ ಅಂದ್ರೆ ಇನ್ನೊಬ್ಬರು ಆರೂವರೆ ಅಂತಾರೆ.

ಇನ್ನೊಂದು ದಾರಿ, ಇಡೀ ಅಸ್ಥಿಪಂಜರ ಸ್ಕ್ಯಾನ್ ಮಾಡಿ ಕಂಪ್ಯೂಟರಲ್ಲಿ ಮಾಂಸ ಹೊದಿಸುವುದು. 2011ರಲ್ಲಿ ಹಾಗೆ ಮಾಡಿದಾಗ ಸ್ಯೂ 9 ಟನ್ ದಾಟಿತು. ಆದ್ರೆ ಎಷ್ಟು ದಪ್ಪ ಹೊದಿಸುವುದು ಅಂತ ಎಲುಬು ಹೇಳುವುದಿಲ್ಲವಲ್ಲ. 2018ರಲ್ಲಿ ಮ್ಯೂಸಿಯಂನವರು ಸ್ಯೂವನ್ನು ಬಿಚ್ಚಿ ಮತ್ತೆ ಜೋಡಿಸುವಾಗ, ಅಷ್ಟು ವರ್ಷ ಬದಿಗಿಟ್ಟಿದ್ದ ಹೊಟ್ಟೆಯಡಿಯ ತೆಳು ಎಲುಬುಗಳನ್ನೂ ಸೇರಿಸಿದ್ರು, ಒಣಕಲು ಕಾಣ್ತಿದ್ದದ್ದಕ್ಕೆ ಒಮ್ಮೆಲೇ ಡೊಳ್ಳು ಬಂತು.

ಮತ್ತೆ ಪೊಳ್ಳಿನ ವಿಷಯ. ಕೋಳಿಯ ಹಾಗೆ ಇವಕ್ಕೂ ಶ್ವಾಸಕೋಶದಿಂದ ಗಾಳಿಚೀಲಗಳು ಹೊರಟು ಬೆನ್ನೆಲುಬಿನ ಒಳಗೇ ಹೋಗಿದ್ದವು. ಎಲುಬಿನಲ್ಲಿ ತೂತು ಉಳಿದಿದೆ, ಚೀಲ ಉಳಿದಿಲ್ಲ. ಅದಕ್ಕೆ ಎಷ್ಟು ಕಳೆಯಬೇಕು ಅನ್ನುವಲ್ಲೇ ಒಬ್ಬೊಬ್ಬರ ಲೆಕ್ಕ ಒಂದೊಂದು ಕಡೆ ಹೋಗುವುದು.

ನಮ್ಮ ಹಲಸು ಕಡಿದಾಗ ಬುಡದಲ್ಲಿ ಮಂಡೆ ಹೋಗುವಷ್ಟು ಪೊಳ್ಳಿತ್ತು. ಕಾಕ ಎರಡು ಸಾವಿರ ಹಿಡಿದುಕೊಂಡೇ ದುಡ್ಡು ಕೊಟ್ಟದ್ದು.