ಪದ ಪರಿಚಯ: ನಿಮಿರು ದೌರ್ಬಲ್ಯ

ಹನ್ನೆರಡು ವರ್ಷ ನಾನು ಮೆಡಿಕಲ್ ಸ್ಟೋರಿನ ಕೌಂಟರ್ ಹಿಂದೆ ನಿಂತಿದ್ದೇನೆ. ಕೆಲವು ಗಿರಾಕಿಗಳು ಬರುವ ರೀತಿಯೇ ಬೇರೆ. ಅಂಗಡಿಯಲ್ಲಿ ಜನ ಕರಗುವವರೆಗೆ ಹೊರಗೆ ನಿಂತಿರುತ್ತಾರೆ. ಒಳಗೆ ಬಂದು ಮೊದಲು ಒಂದು ತಲೆನೋವಿನ ಮಾತ್ರೆ ಕೇಳುತ್ತಾರೆ. ದುಡ್ಡು ಕೊಡುವಾಗ ದನಿ ಇಳಿಸಿ, "ಅಣ್ಣಾ, ಸ್ವಲ್ಪ ವೀಕ್ನೆಸ್ಸು... ಅದಕ್ಕೇನಾದ್ರೂ ಇದ್ಯಾ?" ಅನ್ನುತ್ತಾರೆ. ಯಾವ ವೀಕ್ನೆಸ್ಸು ಅಂತ ಅವರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಜ್ವರಕ್ಕೆ ಹೆಸರಿದೆ, ಸಕ್ಕರೆ ಕಾಯಿಲೆಗೆ ಹೆಸರಿದೆ. ಈ ತೊಂದರೆಗೆ ಮಾತ್ರ ಬಾಯಲ್ಲಿ ಹೇಳುವಂಥ ಹೆಸರೇ ಸಿಗುವುದಿಲ್ಲ.

ಹೆಸರು ಇದೆ. ನಿಮಿರು ದೌರ್ಬಲ್ಯ. ಡಾಕ್ಟರುಗಳು ಎರೆಕ್ಟೈಲ್ ಡಿಸ್‌ಫಂಕ್ಷನ್ ಅನ್ನುತ್ತಾರೆ, ಚಿಕ್ಕದಾಗಿ ಇ.ಡಿ.

ನಿಮಿರು ನಮ್ಮದೇ ಹಳೆಯ ಮಾತು. ನೆಟ್ಟಗಾಗು, ಸೆಟೆದು ನಿಲ್ಲು ಎಂದು ಅರ್ಥ. ಸದ್ದು ಕೇಳಿದರೆ ನಾಯಿಯ ಕಿವಿ ನಿಮಿರುತ್ತದೆ. ಚಳಿಗೆ ಮೈಮೇಲಿನ ಕೂದಲು ನಿಮಿರುತ್ತದೆ. ಹಾಗೆ ಶಿಶ್ನ ಗಡುಸಾಗುವುದು ನಿಮಿರುವಿಕೆ. ಕೂಡುವುದಕ್ಕೆ ಸಾಕಾಗುವಷ್ಟು ಅದು ಗಡುಸಾಗದೇ ಇದ್ದರೆ, ಅಥವಾ ಗಡುಸಾಗಿಯೂ ಮುಗಿಯುವ ತನಕ ನಿಲ್ಲದೆ ಹೋದರೆ, ಮತ್ತು ಇದು ತಿಂಗಳುಗಟ್ಟಲೆ ಮತ್ತೆ ಮತ್ತೆ ಆಗುತ್ತಿದ್ದರೆ, ಅದು ನಿಮಿರು ದೌರ್ಬಲ್ಯ. ಒಂದು ದಿನ ದಣಿದಿದ್ದಾಗ, ಒಂದು ರಾತ್ರಿ ಕುಡಿದಿದ್ದಾಗ, ಮನೆಯಲ್ಲಿ ಜಗಳವಾದಾಗ ಆಗದೇ ಇರುವುದು ಕಾಯಿಲೆಯಲ್ಲ. ಅದು ಎಲ್ಲ ಗಂಡಸರಿಗೂ ಆಗುತ್ತದೆ.

ಇದಕ್ಕೆ ಮೊದಲಿನಿಂದ ಬಳಕೆಯಲ್ಲಿರುವ ಮಾತುಗಳು ನಪುಂಸಕತ್ವ, ಷಂಡತನ. ಎರಡೂ ಕಾಯಿಲೆಯ ಹೆಸರಿಗಿಂತ ಬೈಗುಳವಾಗಿಯೇ ಜಾಸ್ತಿ ಬಳಕೆಯಾಗಿವೆ. ಶಾಲೆಯಲ್ಲಿ ವ್ಯಾಕರಣ ಕಲಿಯುವಾಗ ಮರ, ಕಲ್ಲು, ಮನೆ ಎಲ್ಲ ನಪುಂಸಕಲಿಂಗ ಎಂದು ಬಾಯಿಪಾಠ ಮಾಡಿದ್ದೇವೆ. ಅದೇ ಮಾತನ್ನು ಮನುಷ್ಯನ ಮೇಲೆ ಹಾಕಿದರೆ ಅವನನ್ನು ಕಲ್ಲಿನ ಸಾಲಿಗೆ ಸೇರಿಸಿದಂತೆ. ಇಂಥ ಹೆಸರನ್ನು ಹೊತ್ತು ಯಾರು ತಾನೇ ಆಸ್ಪತ್ರೆಗೆ ಹೋಗುತ್ತಾರೆ?

ಇಂಗ್ಲಿಷಿನಲ್ಲೂ ಇದೇ ಕಥೆ. ಅಲ್ಲಿ ಹಳೆಯ ಪದ ಇಂಪೊಟೆನ್ಸ್, ಅಂದರೆ ಶಕ್ತಿಯೇ ಇಲ್ಲದಿರುವುದು. 1992ರ ಡಿಸೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರನ್ನು ಸೇರಿಸಿ ಸಭೆ ನಡೆಸಿತು. ಆ ಪದ ರೋಗಿಯನ್ನು ಕೀಳಾಗಿ ಕಾಣಿಸುತ್ತದೆ, ಏನು ಕೆಟ್ಟಿದೆ ಎಂದೂ ಸರಿಯಾಗಿ ಹೇಳುವುದಿಲ್ಲ, ಅದನ್ನು ಬಿಟ್ಟು ಎರೆಕ್ಟೈಲ್ ಡಿಸ್‌ಫಂಕ್ಷನ್ ಎನ್ನೋಣ ಎಂದು ಅಲ್ಲಿ ಒಪ್ಪಿದರು. ನಮ್ಮ ಕಾನೂನಿನಲ್ಲಿ ಹಳೆಯ ಪದ ಈಗಲೂ ಇದೆ. 1955ರ ಹಿಂದೂ ವಿವಾಹ ಕಾಯಿದೆಯ 12ನೇ ಕಲಮಿನಲ್ಲಿ, ಮದುವೆಯನ್ನು ರದ್ದು ಮಾಡಿಸಲು ಇರುವ ಕಾರಣಗಳಲ್ಲಿ ಅದೂ ಒಂದು.

ಹಳೆಯ ಪದದಿಂದ ಇನ್ನೊಂದು ಹಾನಿಯಾಗಿದೆ. ಬೇರೆ ಬೇರೆ ತೊಂದರೆಗಳನ್ನೆಲ್ಲ ಅದು ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿದೆ. ಮಕ್ಕಳಾಗದಿರುವುದು ಬೇರೆ. ನಿಮಿರುವಿಕೆ ಚೆನ್ನಾಗಿದ್ದೂ ವೀರ್ಯಾಣು ಕಡಿಮೆ ಇರಬಹುದು, ನಿಮಿರುವಿಕೆ ಇಲ್ಲದವನ ವೀರ್ಯ ಪೂರ್ತಿ ಆರೋಗ್ಯವಾಗಿಯೂ ಇರಬಹುದು. ಬೇಗ ಸ್ಖಲನ ಆಗುವುದು ಬೇರೆ, ಅದರ ಚಿಕಿತ್ಸೆಯೂ ಬೇರೆ. ಆಸೆಯೇ ಹುಟ್ಟದಿರುವುದು ಮತ್ತೊಂದು. ಇನ್ನು "ಧಾತು ಹೋಗಿ ನಿಶ್ಶಕ್ತಿ ಆಗಿದೆ" ಅನ್ನುವವರು ತುಂಬಾ ಜನ. ನಿದ್ದೆಯಲ್ಲಿ ವೀರ್ಯ ಹೋಗುವುದರಿಂದ, ಹಸ್ತಮೈಥುನದಿಂದ ನಿಮಿರುವಿಕೆ ಕೆಡುವುದಿಲ್ಲ. ಆದರೆ ಆ ಹೆದರಿಕೆಯಿಂದ ಕೆಡಬಹುದು. ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ಈ ಹೆದರಿಕೆಗೇ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು.

ಈಗ ಒಳಗೆ ಏನು ನಡೆಯುತ್ತದೆ ನೋಡೋಣ. ತೋಟಕ್ಕೆ ನೀರು ಬಿಡುವ ಪ್ಲಾಸ್ಟಿಕ್ ಪೈಪು ನೋಡಿದ್ದೀರಲ್ಲ, ಚಾಪೆಯಂತೆ ಚಪ್ಪಟೆಯಾಗಿ ಸುರುಳಿ ಸುತ್ತಿಡುತ್ತಾರೆ. ಮೋಟಾರು ಹಾಕಿದ ಕೂಡಲೇ ನೀರು ನುಗ್ಗಿ ಉಬ್ಬುತ್ತದೆ. ಆ ತುದಿಯನ್ನು ಕಾಲಲ್ಲಿ ಒತ್ತಿ ಹಿಡಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಶಿಶ್ನದಲ್ಲೂ ಸ್ಪಂಜಿನಂಥ ಎರಡು ಕೊಳವೆಗಳಿವೆ. ಮನಸ್ಸಿಗೆ ಆಸೆ ಬಂದಾಗ ಮಿದುಳಿನಿಂದ ಬೆನ್ನುಹುರಿಯ ಮೂಲಕ ನರಗಳಿಗೆ ಸುದ್ದಿ ಬರುತ್ತದೆ. ನರದ ತುದಿಯಲ್ಲಿ, ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದು ನಾಳದ ಸ್ನಾಯುಗಳನ್ನು ಸಡಿಲ ಮಾಡುತ್ತದೆ. ರಕ್ತ ನುಗ್ಗುತ್ತದೆ, ಸ್ಪಂಜು ಉಬ್ಬುತ್ತದೆ, ಉಬ್ಬಿದ ಸ್ಪಂಜು ರಕ್ತ ವಾಪಸ್ಸು ಹೋಗುವ ದಾರಿಯನ್ನು ಒತ್ತಿ ಮುಚ್ಚುತ್ತದೆ. ರಕ್ತನಾಳದಲ್ಲಿ ಈ ಅನಿಲದ ಕೆಲಸವನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮ್ಯುರಾದ್ ಎಂಬ ಮೂವರಿಗೆ 1998ರಲ್ಲಿ ನೊಬೆಲ್ ಬಂತು.

ಇಲ್ಲಿ ಒಂದು ವಿಷಯ ಗಮನಿಸಿ. ಹೊರಗೆ ಗಟ್ಟಿಯಾಗಬೇಕಾದರೆ ಒಳಗಿನ ಸ್ನಾಯು ಸಡಿಲವಾಗಬೇಕು. ಹೆದರಿಕೆ ಮಾಡುವುದು ಇದರ ಉಲ್ಟಾ ಕೆಲಸ. "ಇವತ್ತೂ ಆಗದಿದ್ದರೆ?" ಎಂದು ಎದೆ ಹೊಡೆದುಕೊಂಡರೆ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಆ ಸ್ನಾಯುಗಳು ಬಿಗಿಯುತ್ತವೆ, ಬಂದ ರಕ್ತವೂ ಹೊರಟುಹೋಗುತ್ತದೆ. ಹೊಸದಾಗಿ ಮದುವೆಯಾದ ಎಷ್ಟೋ ಹುಡುಗರ ತೊಂದರೆ ಇಷ್ಟೇ. ಮನೆತುಂಬ ನೆಂಟರು, ಮೂರು ದಿನದಿಂದ ನಿದ್ದೆಯಿಲ್ಲ, ಪರಿಚಯವೇ ಇಲ್ಲದ ಹುಡುಗಿ, ಬಾಗಿಲಾಚೆ ಪಿಸುಮಾತು. ಅದೊಂದು ರಾತ್ರಿಯ ಮೇಲೆ ತೀರ್ಪು ಕೊಡುವುದು ಅನ್ಯಾಯ.

ಮನಸ್ಸಿನದೋ ಮೈಯದೋ ಎಂದು ತಿಳಿಯಲು ಒಂದು ಸುಳಿವು ಇದೆ. ಆರೋಗ್ಯವಾಗಿರುವ ಗಂಡಸಿಗೆ ರಾತ್ರಿ ನಿದ್ದೆಯಲ್ಲಿ ಮೂರರಿಂದ ಐದು ಸಲ ತಾನಾಗಿಯೇ ನಿಮಿರುವಿಕೆ ಆಗುತ್ತದೆ. ಬೆಳಗ್ಗೆ ಏಳುವಾಗ ಕಾಣುವುದು ಅದರಲ್ಲಿ ಕೊನೆಯದು. ಬೆಳಗ್ಗೆ ಆಗುತ್ತಿದೆ, ಒಬ್ಬನೇ ಇದ್ದಾಗ ಆಗುತ್ತಿದೆ, ಹೆಂಡತಿಯ ಜೊತೆ ಮಾತ್ರ ಆಗುತ್ತಿಲ್ಲ, ಅದೂ ಇದ್ದಕ್ಕಿದ್ದಂತೆ ಶುರುವಾಯಿತು ಅಂದರೆ ನರ ನಾಳ ಸರಿಯಾಗಿರುವ ಸಂಭವ ಜಾಸ್ತಿ. ನಿಧಾನವಾಗಿ ಕುಗ್ಗುತ್ತಾ ಬಂದು ಬೆಳಗಿನದೂ ನಿಂತುಹೋಗಿದ್ದರೆ ಮೈಯನ್ನು ತಪಾಸಣೆ ಮಾಡಿಸಲೇಬೇಕು. ಮೈಯ ಕಾರಣದಿಂದ ಶುರುವಾಗಿದ್ದಕ್ಕೆ ಆಮೇಲೆ ಹೆದರಿಕೆಯೂ ಸೇರಿಕೊಳ್ಳುತ್ತದೆ.

ಈ ತಪಾಸಣೆ ಎಷ್ಟು ಮುಖ್ಯ ಎಂದು ಹೇಳುವುದಕ್ಕೇ ನಾನು ಇದನ್ನೆಲ್ಲ ಬರೆಯುತ್ತಿರುವುದು. ಶಿಶ್ನದ ರಕ್ತನಾಳ ಒಂದೆರಡು ಮಿಲಿಮೀಟರ್ ಅಗಲ. ಹೃದಯಕ್ಕೆ ರಕ್ತ ಕೊಡುವ ನಾಳ ಮೂರು ನಾಲ್ಕು ಮಿಲಿಮೀಟರ್. ಕೊಬ್ಬು ಕಟ್ಟಿಕೊಳ್ಳುವುದು ಎರಡರಲ್ಲೂ ಒಟ್ಟಿಗೇ ಶುರುವಾದರೂ ಸಣ್ಣದು ಮೊದಲು ಕಟ್ಟುತ್ತದೆ. ಹಾಗಾಗಿ ಎಷ್ಟೋ ಜನರಲ್ಲಿ ಎದೆನೋವು ಕಾಣಿಸಿಕೊಳ್ಳುವ ಎರಡು, ಮೂರು, ಐದು ವರ್ಷ ಮೊದಲೇ ನಿಮಿರು ದೌರ್ಬಲ್ಯ ಕಾಣಿಸಿಕೊಳ್ಳುತ್ತದೆ. ಅಷ್ಟು ವರ್ಷದ ಮುನ್ಸೂಚನೆ ಯಾವ ಕಾಯಿಲೆ ಕೊಡುತ್ತದೆ ಹೇಳಿ? ಅದನ್ನು ನಾಚಿಕೆಯಿಂದ ಮುಚ್ಚಿಟ್ಟುಕೊಳ್ಳುತ್ತೇವೆ.

ಸಕ್ಕರೆ ಕಾಯಿಲೆಯೂ ಹೀಗೇ. ಅದು ನಾಳವನ್ನೂ ಹಾಳುಮಾಡುತ್ತದೆ, ನರವನ್ನೂ ಹಾಳುಮಾಡುತ್ತದೆ. ಸಕ್ಕರೆ ಇರುವವರಲ್ಲಿ ಈ ತೊಂದರೆ ಬೇರೆಯವರಿಗಿಂತ ಹತ್ತು ಹದಿನೈದು ವರ್ಷ ಮೊದಲೇ ಬರಬಹುದು. ನಮ್ಮ ಅಂಗಡಿಗೆ ಅಡಿಕೆ ವ್ಯಾಪಾರದ ಒಬ್ಬರು ಬರುತ್ತಿದ್ದರು, ನಲವತ್ತೈದರ ಆಸುಪಾಸಿನವರು. ತಿಂಗಳಿಗೊಮ್ಮೆ "ಶಕ್ತಿ ಮಾತ್ರೆ" ಕೇಳುತ್ತಿದ್ದರು. ಒಂದು ದಿನ ಅವರನ್ನು ಪಕ್ಕಕ್ಕೆ ಕರೆದು, "ಯಜಮಾನ್ರೇ, ಮೊದಲು ಶುಗರ್ ಒಂದು ನೋಡಿಸಿ" ಅಂದೆ. ಖಾಲಿ ಹೊಟ್ಟೆಯಲ್ಲಿ ಇನ್ನೂರು ದಾಟಿತ್ತು. ಅವರಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಬೀಡಿ, ಸಿಗರೇಟು, ಗುಟ್ಕಾ, ಜಾಸ್ತಿ ಕುಡಿತ, ಬೊಜ್ಜು, ರಕ್ತದೊತ್ತಡ ಇವೆಲ್ಲ ಮಾಮೂಲಿ ಕಾರಣಗಳು. ಬಿ.ಪಿ.ಯ ಕೆಲವು ಮಾತ್ರೆಗಳು, ಖಿನ್ನತೆಯ ಕೆಲವು ಮಾತ್ರೆಗಳು, ಪ್ರಾಸ್ಟೇಟ್ ಆಪರೇಷನ್, ಬೆನ್ನುಹುರಿಯ ಪೆಟ್ಟು ಕೂಡ ಕಾರಣವಾಗುತ್ತವೆ. ಮಾತ್ರೆಯಿಂದ ಆಗಿದೆ ಅನ್ನಿಸಿದರೆ ಬರೆದುಕೊಟ್ಟ ಡಾಕ್ಟರಿಗೆ ಹೇಳಿ, ಬೇರೆಯದಕ್ಕೆ ಬದಲಿಸುತ್ತಾರೆ. ನೀವೇ ನಿಲ್ಲಿಸಬೇಡಿ. ವಯಸ್ಸಿನ ಮಾತೂ ಇದೆ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 40ರಿಂದ 70 ವರ್ಷದವರನ್ನು ಕೇಳಿ ನಡೆಸಿದ, 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶೇ. 52 ಮಂದಿಗೆ ಸ್ವಲ್ಪವೋ ಹೆಚ್ಚೋ ಈ ತೊಂದರೆ ಇತ್ತು. ಎರಡರಲ್ಲಿ ಒಬ್ಬರು!

ಚಿಕಿತ್ಸೆ ಎಂದರೆ ಎಲ್ಲರಿಗೂ ನೆನಪಾಗುವುದು ನೀಲಿ ಮಾತ್ರೆ. ಅದು ಹುಟ್ಟಿದ್ದೇ ಬೇರೆ ಕೆಲಸಕ್ಕೆ. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿ ಫೈಜರ್ ಕಂಪನಿಯವರು ಎದೆನೋವಿಗೆ ಎಂದು ಸಿಲ್ಡೆನಾಫಿಲ್ ತಯಾರಿಸಿದರು. ಎದೆನೋವಿಗೆ ಅಷ್ಟೇನೂ ಉಪಯೋಗವಾಗಲಿಲ್ಲ. ಆದರೆ ಪ್ರಯೋಗಕ್ಕೆ ಬಂದ ಗಂಡಸರು ಬೇರೊಂದು ಪರಿಣಾಮ ಹೇಳಿದರು. 1998ರ ಮಾರ್ಚ್ 27ರಂದು ಅಮೆರಿಕದಲ್ಲಿ ವಯಾಗ್ರಾ ಹೆಸರಿನಲ್ಲಿ ಒಪ್ಪಿಗೆ ಸಿಕ್ಕಿತು. ನೈಟ್ರಿಕ್ ಆಕ್ಸೈಡ್ ಶುರುಮಾಡಿದ ಕೆಲಸವನ್ನು ಒಂದು ಕಿಣ್ವ ಬೇಗ ಮುಗಿಸಿಬಿಡುತ್ತದೆ. ಈ ಮಾತ್ರೆ ಆ ಕಿಣ್ವವನ್ನು ತಡೆಯುತ್ತದೆ, ಅಷ್ಟೇ. ಅದು ಆಸೆ ಹುಟ್ಟಿಸುವುದಿಲ್ಲ. ನುಂಗಿ ಸುಮ್ನೆ ಟಿ.ವಿ. ನೋಡುತ್ತಾ ಕೂತರೆ ಏನೂ ಆಗುವುದಿಲ್ಲ.

ಸಿಲ್ಡೆನಾಫಿಲ್ ಅನ್ನು ಸುಮಾರು ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಹೊಟ್ಟೆತುಂಬ ಎಣ್ಣೆ ಊಟ ಮಾಡಿದ್ದರೆ ಕೆಲಸ ತಡವಾಗುತ್ತದೆ. ಟಡಾಲಾಫಿಲ್ ಎಂಬ ಇನ್ನೊಂದರ ಪರಿಣಾಮ 36 ಗಂಟೆಯವರೆಗೂ ಇರಬಹುದು. ಅದನ್ನೇ ಚಿಕ್ಕ ಪ್ರಮಾಣದಲ್ಲಿ ದಿನಾ ತೆಗೆದುಕೊಳ್ಳುವ ಕ್ರಮವೂ ಇದೆ. ತಲೆನೋವು, ಮುಖ ಬಿಸಿಯಾಗುವುದು, ಮೂಗು ಕಟ್ಟುವುದು ಸಾಮಾನ್ಯ. ಒಂದು ಸಲ ಆಗಲಿಲ್ಲ ಎಂದು ಕೈಬಿಡುವವರೇ ಜಾಸ್ತಿ. ಸರಿಯಾದ ಪ್ರಮಾಣದಲ್ಲಿ ಆರೇಳು ಸಲ ನೋಡದೆ ತೀರ್ಮಾನ ಮಾಡಬಾರದು.

ಡಾಕ್ಟರ ಚೀಟಿ ಇಲ್ಲದೆ ಇದನ್ನು ಮಾರುವಂತಿಲ್ಲ. ಕಾರಣವಿದೆ. ಒಮ್ಮೆ ಒಬ್ಬ ಹಿರಿಯರು ಎಂದಿನ ಮಾತ್ರೆಗಳ ಚೀಟಿ ಕೊಟ್ಟು, ಜೊತೆಗೆ "ಅದೂ ಒಂದು ಕೊಡಪ್ಪ" ಅಂದರು. ಚೀಟಿಯಲ್ಲಿ ಸಾರ್ಬಿಟ್ರೇಟ್ ಇತ್ತು, ಎದೆನೋವು ಬಂದಾಗ ನಾಲಿಗೆ ಕೆಳಗೆ ಇಡುವ ಮಾತ್ರೆ. ಇಂಥ ನೈಟ್ರೇಟ್ ಮಾತ್ರೆ ಮತ್ತು ಇದು ಎರಡೂ ಸೇರಿದರೆ ಬಿ.ಪಿ. ಪಾತಾಳಕ್ಕೆ ಇಳಿದು ಪ್ರಾಣವೇ ಹೋಗಬಹುದು. ನಾನು ಕೊಡಲಿಲ್ಲ. ಅವರು ಬೇಜಾರಾಗಿ ಹೋದರು. ಬೇರೆ ಅಂಗಡಿಯಲ್ಲಿ ಕೊಂಡರೋ ಏನೋ ಎಂದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ಮಾತ್ರೆ ತೆಗೆದುಕೊಂಡವರಿಗೆ ಎದೆನೋವು ಬಂದರೆ ನಾಚಿಕೆ ಬಿಟ್ಟು ಆಸ್ಪತ್ರೆಯಲ್ಲಿ ಮೊದಲು ಅದನ್ನೇ ಹೇಳಬೇಕು. ನಿಮಿರುವಿಕೆ ನಾಲ್ಕು ಗಂಟೆಯಾದರೂ ಇಳಿಯದಿದ್ದರೆ ಅದೂ ತುರ್ತು, ಬೆಳಗಾಗುವವರೆಗೆ ಕಾಯುವ ಹಾಗಿಲ್ಲ.

ಮಾತ್ರೆಗೆ ಬಗ್ಗದವರಿಗೂ ದಾರಿಗಳಿವೆ. ಗಾಳಿ ಹೀರಿ ರಕ್ತ ತುಂಬಿಸುವ ಪಂಪು ಒಂದು. ಶಿಶ್ನಕ್ಕೇ ಸಣ್ಣ ಸೂಜಿಯಲ್ಲಿ ಕೊಡುವ ಇಂಜೆಕ್ಷನ್ ಇನ್ನೊಂದು. ಇದು ನಿಜವಾಗಿ ಕೆಲಸ ಮಾಡುತ್ತದೆ ಎಂದು ನಂಬಿಸಲು ಬ್ರಿಟಿಷ್ ವಿಜ್ಞಾನಿ ಗೈಲ್ಸ್ ಬ್ರಿಂಡ್ಲಿ 1983ರಲ್ಲಿ ಲಾಸ್ ವೇಗಸ್ಸಿನ ಸಮ್ಮೇಳನಕ್ಕೆ ತಾವೇ ಚುಚ್ಚಿಕೊಂಡು ಬಂದು, ತುಂಬಿದ ಸಭೆಯಲ್ಲಿ ತೋರಿಸಿದರು. ಅಲ್ಲಿಯವರೆಗೆ ಎಲ್ಲವೂ ಮನಸ್ಸಿನದು ಎನ್ನುತ್ತಿದ್ದ ವೈದ್ಯರು ಎಷ್ಟೋ ಮಂದಿ. ಬ್ರಿಂಡ್ಲಿಯವರ ಧೈರ್ಯದ ಬಗ್ಗೆ ನನಗೆ ಬಹಳ ಗೌರವ. ಕೊನೆಯದು ಆಪರೇಷನ್ ಮಾಡಿ ಒಳಗೆ ಕೂರಿಸುವ ಇಂಪ್ಲಾಂಟ್. ಬಗ್ಗಿಸಿ ನೆಟ್ಟಗೆ ಮಾಡಿಕೊಳ್ಳುವಂಥದ್ದೂ ಇದೆ, ನೀರು ತುಂಬಿ ಉಬ್ಬಿಸುವಂಥದ್ದೂ ಇದೆ. ಹಾರ್ಮೋನು ಮಾತ್ರ ಎಲ್ಲರಿಗೂ ಅಲ್ಲ. ಬೆಳಗಿನ ರಕ್ತಪರೀಕ್ಷೆಯಲ್ಲಿ ಟೆಸ್ಟೋಸ್ಟೆರಾನ್ ಎಂಬ ಗಂಡಸಿನ ಹಾರ್ಮೋನು ಎರಡು ಸಲವೂ ಕಡಿಮೆ ಬಂದವರಿಗೆ ಮಾತ್ರ. ಮಗು ಬೇಕೆನ್ನುವವರು ಇದರ ಇಂಜೆಕ್ಷನ್ ತೆಗೆದುಕೊಂಡರೆ ವೀರ್ಯಾಣು ಕುಸಿಯುತ್ತದೆ. ಮನಸ್ಸಿನ ಕಾರಣವಿದ್ದರೆ ಗಂಡ ಹೆಂಡತಿ ಇಬ್ಬರೂ ಕೂತು ಕೌನ್ಸೆಲಿಂಗ್ ಪಡೆಯುವುದು ಒಳ್ಳೆಯದು. ಗಂಡ ಏನೂ ಹೇಳದೆ ದೂರ ಮಲಗಿದರೆ ಹೆಂಡತಿ "ನನ್ನಲ್ಲೇ ಏನೋ ಕೊರತೆ" ಎಂದುಕೊಂಡು ಒಳಗೇ ಕೊರಗುತ್ತಾಳೆ.

ಹೆದ್ದಾರಿ ಬದಿಯ ಟೆಂಟು, ಬಸ್ ಸ್ಟ್ಯಾಂಡ್ ಶೌಚಾಲಯದ ಗೋಡೆಯ "ಗುಪ್ತ ರೋಗ" ಪೋಸ್ಟರು, ಫೋನಿನಲ್ಲಿ ಬರುವ ಜಾಹೀರಾತು ಇವನ್ನು ನಂಬಬೇಡಿ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. "ಬರೀ ಬೇರು ನಾರು" ಎಂದು ಮಾರುವ ಪುಡಿಗಳಲ್ಲಿ ಗುಟ್ಟಾಗಿ ಸಿಲ್ಡೆನಾಫಿಲ್ ಬೆರೆಸಿರುವುದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಎಷ್ಟು ಬೆರೆಸಿದ್ದಾರೆ ಎಂದು ತಿನ್ನುವವನಿಗೆ ಗೊತ್ತಿರುವುದಿಲ್ಲ. ಅವನ ಜೇಬಿನಲ್ಲೂ ಸಾರ್ಬಿಟ್ರೇಟ್ ಇರಬಹುದು, ಅಲ್ವಾ?

ಮೊದಲು ಹೋಗಬೇಕಾದದ್ದು ನಿಮ್ಮ ಮಾಮೂಲಿ ಡಾಕ್ಟರ ಹತ್ತಿರ. ಬಿ.ಪಿ., ಶುಗರ್, ಕೊಲೆಸ್ಟರಾಲ್ ಅವರೇ ನೋಡುತ್ತಾರೆ. ಬೇಕಾದರೆ ಯುರಾಲಜಿಸ್ಟ್ (ಮೂತ್ರ, ಜನನಾಂಗಗಳ ತಜ್ಞರು) ಅಥವಾ ಮನೋವೈದ್ಯರ ಬಳಿ ಕಳಿಸುತ್ತಾರೆ. ಹೇಗೆ ಶುರುಮಾಡುವುದು ಎಂದು ಹೊಳೆಯದಿದ್ದರೆ ಇಷ್ಟು ಹೇಳಿ ಸಾಕು: "ಡಾಕ್ಟ್ರೇ, ಮೂರು ತಿಂಗಳಿಂದ ನನಗೆ ನಿಮಿರುವಿಕೆ ಸರಿಯಾಗಿ ಆಗ್ತಿಲ್ಲ." ಅವರು ತಲೆ ಎತ್ತಿ, "ಬೆಳಗ್ಗೆ ಏಳುವಾಗ ಆಗುತ್ತಾ?" ಎಂದು ಕೇಳುತ್ತಾರೆ. ಅಲ್ಲಿಂದ ಮುಂದೆ ಮಾತು ಸಲೀಸು.